ಗಾಜಿನ ತೊಟ್ಟಿಯಲ್ಲಿ ನಾಟಿ

“ಇಷ್ಟು ನೀರು ಕಟ್ಟಿದ್ರೆ ಪೈರು ಎಂಗಮ್ಮ ನಿಂತ್ಕಂತದೆ?” ಎನ್ನುತ್ತಾ ಮನೆ ಓನರ್ ತಾಯಿ ಮುನಿಯಮ್ಮಜ್ಜಿ ಸೆರಗು ಸೊಂಟಕ್ಕೆ ಸಿಕ್ಕಿಸಿ, ನನ್ನ ಪುಟ್ಟ ಅಕ್ವೇರಿಯಂ ಮುಂದೆ ಕೂತೇಬಿಟ್ಟರು. ನೀರು ದಂಡ ಮಾಡುತ್ತಿದ್ದೇನೆಂದು ಬೈಯಲು ಬಂದಿದ್ದಾರೆ ಎಂದುಕೊಂಡಿದ್ದೆ ನಾನು.

ಚಂದಾಪುರದ ನಮ್ಮ ಬಾಡಿಗೆ ಮನೆಯಲ್ಲಿ ಅಂದು ಭಾನುವಾರದ ಕೆಲಸ. ಮೀನುಗಳನ್ನು ಬಕೆಟ್ಟಿಗೆ ಬಿಟ್ಟು, ತೊಟ್ಟಿಯ ತಳದ ಹಳೇ ಜಲ್ಲಿ ತೆಗೆದು, ಗಿಡಗಳಿಗೆಂದೇ ತಂದ ಕಪ್ಪು ಮಣ್ಣು ಹರಡಿದ್ದೆ. ಆದರೆ ಮೊದಲೇ ನೀರು ತುಂಬಿಸಿಬಿಟ್ಟಿದ್ದೆ. ನೆಟ್ಟ ಗಿಡಗಳೆಲ್ಲ ಮರುಕ್ಷಣವೇ ಕಿತ್ತುಕೊಂಡು ತೇಲುತ್ತಿದ್ದವು. ಇನ್ನು ಪ್ಲಾಸ್ಟಿಕ್ ಗಿಡವೇ ಗತಿ ಎಂದು ಕೈಚೆಲ್ಲಿದ್ದೆ.

ಅಜ್ಜಿ ಹೇಳಿದಂತೆ ನೀರು ತೆಗೆದೆ. ಮಣ್ಣಿನ ಮೇಲೆ ಎರಡು ಬೆರಳಷ್ಟು ಉಳಿಯಿತು. ಅವರು ಗಿಡಗಳನ್ನು ಎಡಗೈಯಲ್ಲಿ ಕಟ್ಟಿನಂತೆ ಹಿಡಿದು, ಹಿಂದಿನ ಗಾಜಿನಿಂದ ಶುರು ಮಾಡಿ, ಗದ್ದೆಯಲ್ಲಿ ಹಿಂದೆ ಹಿಂದೆ ಸರಿಯುವ ಹಾಗೆ ಸಾಲು ಸಾಲಾಗಿ ತಮ್ಮ ಕಡೆಗೆ ಬರುತ್ತಾ ಹೆಬ್ಬೆರಳಿನಿಂದ ಬೇರು ಒತ್ತಿದರು. ನಿಧಾನಕ್ಕೆ ನೀರು ತುಂಬಿಸಿದೆವು. ಒಂದು ಗಿಡವೂ ಏಳಲಿಲ್ಲ.

ಕೈ ತೊಳೆಯಲು ನೀರು ಕೊಟ್ಟೆ. ಅಜ್ಜಿ ತೊಳೆಯದೆ, ಮಣ್ಣು ಮೆತ್ತಿದ ಬೆರಳುಗಳನ್ನು ಮೂಸಿ ನೋಡಿದರು. “ಈ ಬಿಲ್ಡಿಂಗು ಕಟ್ಟಿರೋದು ನಮ್ಮ ಗದ್ದೆ ಮ್ಯಾಲೇನೆ ಕಣಮ್ಮ. ಅದು ಕೈಬಿಟ್ಟು ಓದ್ಮೇಲೆ ನಾಟಿ ಆಕಿದ್ದು ಇವತ್ತೇಯ.”

ಈಗ ಗಿಡಗಳು ಚಿಗುರಿವೆ, ಮೀನುಗಳು ಅವುಗಳ ನಡುವೆ ಓಡಾಡುತ್ತಿವೆ. ಆದರೆ ನಮ್ಮ ಮನೆಗೆ ಯಾರೇ ಬಂದರೂ ಅಜ್ಜಿ ಮೀನು ತೋರಿಸುವುದಿಲ್ಲ. ಪೈರು ತೋರಿಸುತ್ತಾರೆ.