ದುಬೈ ಸಿಮ್ಮು, ಹೊಳನಗದ್ದೆ ಗಂಜಿ

ನೀವು ಇದನ್ನು ನಂಬುವುದಿಲ್ಲ. ನಂಬಬೇಡಿ ಅಂತಲೇ ನಾನೂ ಹೇಳುವುದು; ತಾಕತ್ತಿದ್ದರೆ ಕೊನೆಯವರೆಗೂ ನಂಬದೆ ಕೂತು ತೋರಿಸಿ. ಭಟ್ಕಳದಿಂದ ಕುಮಟಾದವರೆಗೆ ಟೆಲಿಫೋನ್ ಕಂಬ ಹತ್ತಿ ಇಳಿದವನು ನಾನು. ಯಾರ ಮನೆಯ ಫೋನು ಸತ್ತರೂ ಬದುಕಿಸಿ ಕೊಟ್ಟವನು. ಅಂಥವನು ದುಬೈಗೆ ಹೋಗಿ, ಊರಿಗೊಂದು ಫೋನು ಮುಟ್ಟಿಸಲಾರದೆ ಕೂತಿದ್ದೆ.

ನೆನಪಾಗಿದ್ದು ಕನ್ನಡಕದ ಡಬ್ಬಿಯಿಂದ. ಇವತ್ತು ಒರೆಸುವಾಗ ಅದರ ಒಳಗಿನ ಬಟ್ಟೆ ಒಂದು ಮೂಲೆಯಲ್ಲಿ ಎದ್ದುಬಂತು. ಅಡಿಯಲ್ಲಿ ಕಿರುಬೆರಳ ಉಗುರಿನಷ್ಟು ಒಂದು ಸಿಮ್ಮು, ದುಬೈಯದ್ದು. ಇಷ್ಟು ವರ್ಷ ನನ್ನ ಮೂಗಿನ ಮೇಲೆ ಕೂರುವ ಕನ್ನಡಕದ ಜೊತೆಗೇ ಮಲಗಿತ್ತು.

ಕಂಬದ ಕಾಲ ನಿಮಗೆ ಗೊತ್ತಿದೆಯೋ ಇಲ್ಲವೋ. ಮೇಲೆ ಕೂತು, ಸೊಂಟದಲ್ಲಿ ನೇತಾಡುವ ಟೆಸ್ಟಿಂಗ್ ಫೋನನ್ನು ತಂತಿಗೆ ಸಿಕ್ಕಿಸಿದರೆ ಊರೇ ನನ್ನ ಮುಷ್ಟಿಯಲ್ಲಿ. ಹೊನ್ನಾವರದ ಒಂದು ಹೋಟೆಲಿಗೆ ಅದರ ಎದುರಿನ ಕಂಬದಿಂದಲೇ ಫೋನು ಮಾಡಿ, "ದಿಬ್ಬಣದ ಬಸ್ಸು ಬರ್ತಾ ಉಂಟು, ಶಿರಾ ಮಾಡಿ ಇಡಿ" ಅಂದಿದ್ದೆ. ರವೆ ಹುರಿದ ಪರಿಮಳ ಕಂಬದ ತುದಿ ಮುಟ್ಟಿದಾಗ ಇಳಿದು ಹೋಗಿ ಮೊದಲ ಪ್ಲೇಟು ತಿಂದವನೂ ನಾನೇ. ಬಾರದ ದಿಬ್ಬಣವನ್ನು ಆ ಯಜಮಾನರ ಜೊತೆ ಸೇರಿ ಬೈದೂ ಬಂದೆ.

ಆಗೆಲ್ಲ ಕೆಳಗೆ ಏಣಿ ಹಿಡಿದು ನಿಂತಿರುತ್ತಿದ್ದವನು ಹಮ್ಮಣ್ಣ. ಹೊಳನಗದ್ದೆಯವ. ಮದುವೆಯಾಗಲಿಲ್ಲ. ನನ್ನೂರು ಬಾಡ; ಅಲ್ಲಿ ಹೆಂಡತಿ ಇದ್ದಳು, ಮಕ್ಕಳಿಲ್ಲ. ಅವಳು ಹೋದ ಮೇಲೆ ಇಬ್ಬರ ಒಲೆಯೂ ಒಂದೇ ಥರ ಆಯಿತು: ಒಬ್ಬನಿಗೆ ಬೇಯಿಸುವ ಒಲೆ. ದಿನಾ ಮುಸ್ಸಂಜೆ ನಾನು ಅವನಿಗೆ ಫೋನು ಮಾಡುತ್ತಿದ್ದೆ. ಮಾಡುವುದೂ ನನ್ನ ದನಿಯಲ್ಲಲ್ಲ.

"ಹಲೋ, ನಾವು ತಹಶೀಲ್ದಾರ್ ಕಚೇರಿಯಿಂದ. ನಿಮ್ಮ ಗದ್ದೆಯಲ್ಲಿ ವಿಮಾನ ಇಳಿಸೂದು ಅಂತ ಆರ್ಡರ್ ಆಗಿದೆ."

"ಇಳಿಸ್ಲಿ. ಗಂಜಿ ಉಂಡ್ಯನಾ?"

"ಇಲ್ಲ."

"ಉಣ್ಣು ಹಂಗಾರೆ. ನಾನೂ ಉಣ್ತೆ."

ಅಷ್ಟೇ ಮಾತು. ಪೊಲೀಸನಾಗಿ, ಡಾಕ್ಟರಮ್ಮನಾಗಿ, ಮುಂಬಯಿ ಸೇಟ್ ಆಗಿ, ಎಷ್ಟು ವೇಷ ಹಾಕಿದರೂ ಒಂದು ದಿನವೂ ಅವನು ಮೋಸ ಹೋಗಲಿಲ್ಲ.

ದುಬೈಗೆ ಕರೆದವಳು ತಂಗಿಯ ಮಗಳು ಸುಮಾ. ಅಲ್ಲಿ ಆಸ್ಪತ್ರೆಯಲ್ಲಿ ನರ್ಸು. "ಮಾವಾ, ಒಂದ್ಸಲ ಬಂದು ಹೋಗು" ಅಂತ ಟಿಕೆಟ್ಟನ್ನೇ ಕಳಿಸಿದಳು. ಕುಮಟಾದ ಮೊಬೈಲ್ ಅಂಗಡಿಯ ಹೆಂಗಸು, "ಹೊರಡೂ ಮೊದ್ಲು ರೋಮಿಂಗ್ ಹಾಕ್ಸ್ಕಳಿ ಅಜ್ಜಾ" ಅಂದಳು.

"ಫೋನಿನ ವಿಷ್ಯ ನಂಗೆ ಹೇಳ್ತ್ಯಾ ತಂಗಿ? ನೀ ಹುಟ್ಟೂಕಿಂತ ಮೊದ್ಲೇ ನಾ ಕಂಬದ ಮೇಲೆ ಇದ್ದೆ."

"ಅಲ್ಲಿ ಕಂಬ ಇರೂದಿಲ್ಲ ಅಜ್ಜಾ."

ನಾನು ಕೇಳಿಸಿಕೊಳ್ಳಲಿಲ್ಲ. ಹಮ್ಮಣ್ಣನಿಗೂ ಹೇಳಿದೆ. ಅವನು ನಕ್ಕ. "ದುಬೈಗಾ? ಬಸ್ಸಲ್ಲಿ ಹೋಗ್ತ್ಯಾ, ದೋಣಿಲಿ ಹೋಗ್ತ್ಯಾ?" ಇಷ್ಟು ವರ್ಷ ಬಿಟ್ಟ ರೀಲುಗಳ ಸಾಲಿಗೆ ಇದನ್ನೂ ಸೇರಿಸಿಬಿಟ್ಟ.

ವಿಮಾನ ಇಳಿದದ್ದೇ ತಡ, ನನ್ನ ಫೋನು ಕಲ್ಲಾಯಿತು. ನೆಟ್‌ವರ್ಕಿನ ಒಂದು ಕಡ್ಡಿಯೂ ಇಲ್ಲ. ಸುಮಾ ವಿಮಾನ ನಿಲ್ದಾಣದ ಬಾಗಿಲಲ್ಲೇ ಕಾಯುತ್ತಿದ್ದಳು, ಸರಿ. ಮರುದಿನದಿಂದ ಅವಳು ಡ್ಯೂಟಿಗೆ, ನಾನು ತೆರೆಯಲಾಗದ ಕಿಟಕಿಯ ಪಕ್ಕಕ್ಕೆ. ಮನೆಯಲ್ಲಿ ಇಂಟರ್ನೆಟ್ಟಿತ್ತು. ಆದರೆ ಹಮ್ಮಣ್ಣನದು ಒತ್ತುವ ಬಟನ್ನಿನ ಫೋನು. ಅದಕ್ಕೆ ರಿಂಗೊಂದೇ ಗೊತ್ತು.

ಕೆಳಗಿಳಿದು ಸಿಮ್ ಮಾರುವ ಅಂಗಡಿ ಹುಡುಕಿದೆ. ಕೌಂಟರಿನಲ್ಲಿದ್ದ ನರೆಗಡ್ಡದವರು ನನ್ನ ಪಾಸ್‌ಪೋರ್ಟು ತಿರುವಿ ಕನ್ನಡಕದ ಮೇಲಿಂದ ನೋಡಿದರು.

"ಕುಮಟಾದವ್ರಾ ಕಾಕಾ? ನಾವು ಭಟ್ಕಳ."

ನನಗೆ ಅವರನ್ನು ತಬ್ಬಿಕೊಳ್ಳುವಷ್ಟು ಖುಷಿಯಾಯಿತು. ಭಟ್ಕಳದಲ್ಲಿ ನಾನು ಹತ್ತಿದ ಕಂಬಗಳನ್ನೆಲ್ಲ ಹೇಳಿದೆ. "ನಿಮ್ಮ ಮನೆ ಫೋನು ಸತ್ತಾಗ ಬದುಕಿಸಿದ್ದು ನಾನೇ" ಅಂತಲೂ ಸೇರಿಸಿದೆ.

"ನಮ್ಮನೇಲಿ ಫೋನೇ ಇರ್ಲಿಲ್ಲ ಕಾಕಾ" ಅಂದರು.

ಹಳೆ ಸಿಮ್ಮಿಗೇ ಇಲ್ಲಿಂದ ಜೀವ ಬರಿಸಲು ಆಗುವುದಿಲ್ಲವೇ ಅಂತ ಕೇಳಿದೆ. "ಆಗ್ತದೆ. ಅದಕ್ಕೊಂದು ಕೋಡ್ ಬರ್ತದೆ. ಆದ್ರೆ ಕೋಡ್ ಬರೂದು ಆ ಸತ್ತ ನಂಬರಿಗೇ" ಅಂದರು. ಮನೆ ಒಳಗೆ ಕೀಲಿಕೈ ಬಿಟ್ಟು ಹೊರಗಿಂದ ಬೀಗ ಹಾಕಿದ ಹಾಗೆ. ಸೂಜಿಯಿಂದ ಚುಚ್ಚಿ ಹಳೆಯದನ್ನು ತೆಗೆದು, ಕಾಗದಕ್ಕೆ ಅಂಟಿಸಿ ಕೈಗಿಟ್ಟು, ಹೊಸದನ್ನು ಹಾಕಿದರು. "ಇಲ್ಲಿ ವಾಟ್ಸಾಪಲ್ಲಿ ಮಾತಾಡೂಕೆ ಬರೂದಿಲ್ಲ, ಮೆಸೇಜ್ ಅಷ್ಟೇ. ಸಾದಾ ಫೋನ್ ಮಾಡಿ."

ಊರಲ್ಲಿ ಮುಸ್ಸಂಜೆಯಾದಾಗ ಅಲ್ಲಿ ಇನ್ನೂ ಬಿಸಿಲು. ಕಿಟಕಿಯ ಪಕ್ಕ ನಿಂತು, ಗಂಟಲು ಸರಿಮಾಡಿಕೊಂಡು, ಅರಬ್ಬಿ ಸೇಟಿನ ದನಿ ಸಿದ್ಧಮಾಡಿ ಫೋನು ಮಾಡಿದೆ. ರಿಂಗಾಯಿತು. ಆಗುತ್ತಲೇ ಇತ್ತು. ನಿಂತಿತು. ಮತ್ತೆ ಮಾಡಿದೆ. ಮತ್ತೆ ನಿಂತಿತು.

ಆಗ ಹೊಳೆಯಿತು ನೋಡಿ. ಒಂದು ಮಳೆಗಾಲದಲ್ಲಿ ನಾನೇ ಅವನನ್ನು ಹೆದರಿಸಿದ್ದೆ: "ಪ್ಲಸ್ ಹಾಕಿ ಬರೂ ಫಾರಿನ್ ನಂಬರು ಕಿವಿಗೆ ಹಿಡಿದ್ರೆ ಸಾಕು ಹಮ್ಮಣ್ಣಾ, ಬ್ಯಾಂಕಿನ ದುಡ್ಡೆಲ್ಲ ಅಲ್ಲೇ ಖಾಲಿ." ನನ್ನ ಇಷ್ಟೆಲ್ಲ ಮಾತಿನಲ್ಲಿ ಅವನು ನಂಬಿದ್ದು ಅದೊಂದನ್ನೇ.

ಕುಮಟಾದ ಚಾ ಅಂಗಡಿಯ ಗೆಳೆಯನಿಗೆ ದುಬೈಯ ಎತ್ತರದ ಕಟ್ಟಡದ ಪಟ ಕಳಿಸಿ, 'ಹಮ್ಮಣ್ಣಂಗೆ ಫೋನ್ ಎತ್ತೂಕೆ ಹೇಳು' ಅಂತ ಬರೆದೆ. ಉತ್ತರ ಬಂತು: 'ಯಾವ ಕ್ಯಾಲೆಂಡರಿಂದು ಇದು? ಇಲ್ಲೇ ಓಂ ಬೀಚಲ್ಲಿ ಕೂತು ಎಂತ ರೀಲು ಬಿಡ್ತೆ ಮಾರಾಯಾ!'

ದಿನಾ ಮಾಡಿದೆ. ದಿನಾ ರಿಂಗು. ಲಿಫ್ಟಿನಲ್ಲಿ ತುಂಬ ಜನ ಇರುತ್ತಿದ್ದರು, ಯಾರೂ ಯಾರ ಮುಖ ನೋಡುತ್ತಿರಲಿಲ್ಲ. ಒಂದು ದಿನ ಕಂಡಕ್ಟರನ ದನಿಯಲ್ಲಿ "ಟಿಕೆಟ್, ಟಿಕೆಟ್" ಅಂದೆ. ಒಬ್ಬನೂ ತಲೆ ಎತ್ತಲಿಲ್ಲ. ನನ್ನೊಳಗಿನ ಪೊಲೀಸ, ಡಾಕ್ಟರಮ್ಮ, ಸೇಟ್ ಎಲ್ಲ ಕೆಲಸ ಹೋದವರಂತೆ ಸುಮ್ಮನೆ ಕೂತರು. ಸುಮಾ ರಾತ್ರಿ ಬಂದು ಚಪಾತಿ ಮಾಡಿ ಬಡಿಸುತ್ತಿದ್ದಳು, ಪ್ರೀತಿಯಿಂದಲೇ. ಆದರೆ ಉಂಡ್ಯನಾ ಅಂತ ಕೇಳಿಸಿಕೊಳ್ಳದೆ ಉಂಡದ್ದು ಮೈಗೆ ಹತ್ತುವುದಿಲ್ಲ ಅಂತ ನನಗೆ ಗೊತ್ತಾದದ್ದು ಅಲ್ಲಿ.

ಊರಿಗೆ ಬಂದವನು ಬಾಡಕ್ಕೂ ಹೋಗದೆ ಸೀದಾ ಹೊಳನಗದ್ದೆಗೆ ಹೋದೆ. ಹಮ್ಮಣ್ಣ ಜಗಲಿಯಲ್ಲಿ ಎಲೆಗೆ ಸುಣ್ಣ ಹಚ್ಚಿ ಕವಳ ಹಾಕುತ್ತಿದ್ದ.

"ಎಲ್ಲಿ ಸತ್ತಿದ್ಯಾ?"

"ದುಬೈಲಿ."

"ಹೌದೌದು. ನಾನೂ ಅಮೆರಿಕಾಕ್ಕೆ ಹೋಗಿ ಈಗ ಬಂದೆ." ಆಮೇಲೆ ದನಿ ಇಳಿಸಿ, "ನೀ ಇಲ್ದೇ ಇದ್ದಾಗ ಒಬ್ಬ ಫಾರಿನ್ ಕಳ್ಳ ಗಂಟು ಬಿದ್ದಿದ್ದ. ದಿನಾ ಸಂಜೆ ಫೋನ್ ಹೊಡೂದು."

"ಎತ್ತಿದ್ಯಾ?"

"ಎತ್ತೂಕೆ ನಂಗೆ ಮರ್ಳಾ? ನೀನೇ ಹೇಳಿದ್ಯಲ್ಲ." ಸುಣ್ಣದ ಬೆರಳನ್ನು ಜಗಲಿಯ ಕಂಬಕ್ಕೆ ಒರೆಸಿದ. "ಆದ್ರೆ ಅವ ಹೊಡ್ದು ಮುಗ್ಸಿದ ಮೇಲೇ ಗಂಜಿಗೆ ಕೂತ್ಕಂತಿದ್ದೆ. ಯಾರೋ ಒಬ್ಬ ಹೊಡೀಬೇಕಲ್ಲ ಮಾರಾಯಾ."

ಆ ಕಳ್ಳ ನಾನೇ ಅಂತ ಆಗ ಹೇಳಲಿಲ್ಲ. ಇಷ್ಟು ದೊಡ್ಡ ತಮಾಷೆಯನ್ನು ಕಾಯಿ ಇದ್ದಾಗಲೇ ಕೊಯ್ಯಬಾರದು ಅನಿಸಿತು. ಹಣ್ಣಾಗಲಿ ಅಂತ ಮಾವಿನಕಾಯಿಯಂತೆ ಹುಲ್ಲಿನಲ್ಲಿ ಮುಚ್ಚಿಟ್ಟೆ. ಹಳೆ ಸಿಮ್ಮು ಫೋನಿಗೆ ಮರಳಿತು, ದುಬೈಯದ್ದನ್ನು ಕನ್ನಡಕದ ಡಬ್ಬಿಗೆ ಸೇರಿಸಿ ಮರೆತೆ.

ಇವತ್ತು ಸಿಮ್ಮು ಸಿಕ್ಕಿದ ಮೇಲೆ ಇನ್ನು ತಡೆಯಲಾಗಲಿಲ್ಲ. ಮುಸ್ಸಂಜೆಗೆ ಫೋನು ಮಾಡಿದೆ. ಅವನು ಎತ್ತಿದ. ಅರಬ್ಬಿ ಸೇಟಿನ ದನಿಯಲ್ಲಿ, "ಹಮ್ಮಣ್ಣಾ, ನಾನು ಆ ಫಾರಿನ್ ಕಳ್ಳ" ಅಂದೆ. ಅವನು ಕವಳ ಉಗಿದು, "ಗೊತ್ತಿತ್ತು, ಸುಮ್ನಿರಾ. ಗಂಜಿ ಉಂಡ್ಯನಾ?" ಅಂದ.

ನಂಬಿದಿರಲ್ಲ? ಸೋತಿರಿ. ಹೋಗಲಿ, ಸುಳ್ಳು ಎಲ್ಲಿತ್ತು ಅಂತ ನಾನೇ ಹೇಳಿಬಿಡುತ್ತೇನೆ. ದುಬೈ ನಿಜ, ಸಿಮ್ಮು ನಿಜ, ದಿನಾ ಸಂಜೆಯ ಆ ರಿಂಗೂ ನಿಜ. ಇವತ್ತು ನಾನು ಫೋನು ಮಾಡಿದ್ದೂ ನಿಜವೇ. ಅವನು ಎತ್ತಿದ ಅಂದೆನಲ್ಲ, ಅದೊಂದೇ ಸುಳ್ಳು. ಹಮ್ಮಣ್ಣ ಹೋಗಿ ಎರಡು ಮಳೆಗಾಲ ಕಳೆಯಿತು.

ಒಲೆಯ ಮೇಲೆ ಗಂಜಿ ಇದೆ. ಇನ್ನು ಉಣ್ಣಬೇಕು.