ಹವಳ ಕಟ್ಟೋ ಬಾಡಿಗೆ ಹುಡುಗ

ನಿಮ್ಮನೆ ಬಾಡಿಗೆಯವರು ಯಾವತ್ತಾದ್ರೂ ನಿಮ್ ಮಲ್ಲಿಗೆ ಬಳ್ಳಿಗೆ ಸಮುದ್ರದ ಗಂಟು ಹಾಕಿದಾರಾ? ಕೆಂಪಾಪುರದಲ್ಲಿ ನಮ್ ಮೇಲಿನ ಮನೇಲಿದ್ದ ಹುಡುಗ ಹಾಕ್ತಿದ್ದ. ಲಕ್ಷದ್ವೀಪದಲ್ಲಿ ನೀರೊಳಗೆ ಮುಳುಗಿ, ಮುರಿದ ಹವಳದ ಕೊಂಬೆಗಳನ್ನ ಕಬ್ಬಿಣದ ಚೌಕಟ್ಟಿಗೆ ಕಟ್ಟಿ ಬೆಳೆಸೋದು ಅವನ ಕೆಲಸ. ಅವನು ರಜಕ್ಕೆ ಬಂದಾಗ, ನಾನು ಬಾಡಿದ ಬಳ್ಳಿ ಕೀಳೋಕೆ ಹೋದ್ರೆ, "ಸತ್ತಿಲ್ಲ ಅಜ್ಜಿ, ಹಸಿದಿದೆ ಅಷ್ಟೇ" ಅಂತ ಹವಳಕ್ಕೆ ಹಾಕೋ ಗಂಟಲ್ಲೇ ಕಟ್ಟಿ ನಿಲ್ಲಿಸೋನು.

ಒಂದು ಬೇಸಿಗೇಲಿ ಸಮುದ್ರ ಕಾದು, ಅವನು ಕಟ್ಟಿದ ಹವಳವೆಲ್ಲ ಬಿಳಿಚಿಕೊಳ್ತು. ರಜಕ್ಕೆ ಬಂದವನು ತೋರಿಸಿದ ಫೋಟೋ ನೋಡಿ ನಾನು, "ಮಲ್ಲಿಗೆ ಥರ ಎಷ್ಟು ಚೆನ್ನಾಗಿದ್ಯೋ!" ಅಂದ್ಬಿಟ್ಟೆ. "ಸತ್ತಿಲ್ಲ ಅಜ್ಜಿ, ಬಣ್ಣ ಹೋದ್ರೆ ಹವಳಕ್ಕೆ ಊಟ ಇಲ್ಲ, ಹಸಿದಿದೆ" ಅಂದ, ಮೆಲ್ಲಗೆ. ಆಮೇಲೆ ಅವನಿಗೇ ಊಟ ಸೇರ್ಲಿಲ್ಲ.

ನೀರು ತಣ್ಣಗಾದ್ಮೇಲೆ, ಅವನು ಮತ್ತೆ ರಜಕ್ಕೆ ಬಂದಿದ್ದಾಗ, ಅಲ್ಲಿಂದ ಹೊಸ ಫೋಟೋ ಬಂತು. ಫೋನ್ ಹಿಡ್ಕೊಂಡು ಮೆಟ್ಟಿಲಿಳಿದು ಓಡಿಬಂದ. ಬಣ್ಣ ವಾಪಸ್ ಬಂದಿತ್ತು! ಅವತ್ತು ನಮ್ಮನೇಲೇ ಕೂತು ಹೊಟ್ಟೆತುಂಬ ಮುದ್ದೆ ಉಂಡ.

"ನನ್ ಬಿಳಿ ಕೂದಲಿಗೂ ಬಣ್ಣ ಬರುತ್ತೇನೋ?" ಅಂದೆ.

"ಬನ್ನಿ ಅಜ್ಜಿ, ನಿಮ್ಮನ್ನೂ ಚೌಕಟ್ಟಿಗೆ ಕಟ್ಟಿ ಸಮುದ್ರಕ್ಕೆ ಬಿಡ್ತೀನಿ, ನೋಡೇಬಿಡೋಣ!"