ಕಂಪ್ಯೂಟರಿಗೆ ವಿಭೂತಿ ಬಳಿದ ವರ್ಷ

ಎರಡು ಸಾವಿರದ ದಶಕ ಮುಗಿಯುತ್ತಿದ್ದ ಹೊತ್ತಿನಲ್ಲಿ ನಾನು ಮೈಸೂರಿನಲ್ಲಿ ಭೌತಶಾಸ್ತ್ರದ ಸಂಶೋಧನಾ ವಿದ್ಯಾರ್ಥಿನಿ. ನನ್ನ ಪಾಲಿಗೆ ಬಂದಿದ್ದು ದೂರದ ಒಂದು ನಕ್ಷತ್ರ, ಅದರ ಪಕ್ಕದಲ್ಲೊಂದು ಚುಕ್ಕೆ. ಆ ಚುಕ್ಕೆಯೇ ಗ್ರಹ. ಹೊರದೇಶದ ದೊಡ್ಡ ದೂರದರ್ಶಕದಲ್ಲಿ ಅದರ ಫೋಟೋ ತೆಗೆದಿದ್ದರು. ಒಂದೊಂದು ಫೋಟೋದಲ್ಲೂ ನಕ್ಷತ್ರಕ್ಕೆ ಹತ್ತಿರವಾಗುತ್ತ ಹೋಗಿ, ಕೊನೆಗೆ ಅದರ ಬೆಳಕಿನಲ್ಲಿ ಕಾಣದಾಯಿತು. ಮತ್ತೆ ಯಾವ ಕಡೆ, ಎಷ್ಟು ದೂರದಲ್ಲಿ ಹೊರಬರುತ್ತದೆ ಎಂದು ನಾನು ಹೇಳಬೇಕಿತ್ತು. ಅದೂ ಹೊಸ ಫೋಟೋ ಬರುವ ಮೊದಲೇ. ಬಂದ ಮೇಲೆ ಯಾರು ಬೇಕಾದರೂ ಹೇಳುತ್ತಾರೆ.

ವಿಭಾಗದ ಹಳೆಯ ಕಂಪ್ಯೂಟರು ಲಕ್ಷಾಂತರ ಕಕ್ಷೆಗಳನ್ನು ಆ ಫೋಟೋಗಳಿಗೆ ಹೊಂದಿಸಿ ನೋಡುತ್ತ ತಿಂಗಳಿಗೂ ಹೆಚ್ಚು ಕಾಲದಿಂದ ಓಡುತ್ತಿತ್ತು. ಮುಗಿಯಲು ಇನ್ನೊಂದೇ ವಾರ ಬಾಕಿ. ನಡುವೆ ನಿಂತರೆ ಎಲ್ಲ ಮೊದಲಿನಿಂದ. ‘ದಯವಿಟ್ಟು ಆರಿಸಬೇಡಿ’ ಎಂದು ದಪ್ಪಕ್ಷರದಲ್ಲಿ ಬರೆದು ಅಂಟಿಸಿದ್ದೆ.

ಆಯುಧಪೂಜೆಗೆ ರಜೆ, ಹಾಗಾಗಿ ವಿಭಾಗದಲ್ಲಿ ಹಿಂದಿನ ದಿನವೇ ಪೂಜೆ. ಬನ್ನಿಮಂಟಪದ ಮನೆಯಿಂದ ನಾನು ಬಂದು ಸೇರುವಷ್ಟರಲ್ಲಿ ನನ್ನ ಕಾಗದ ಕಸದ ಬುಟ್ಟಿಯಲ್ಲಿತ್ತು. ಕಂಪ್ಯೂಟರನ್ನು ಆರಿಸಿ, ಒರೆಸಿ, ಮೂರು ಪಟ್ಟೆ ವಿಭೂತಿ ಬಳಿದು, ಚೆಂಡುಹೂವು ಮುಡಿಸಿದ್ದರು.

ನನಗೆ ಮೈಯೆಲ್ಲ ಉರಿದುಹೋಯಿತು. ಪೂಜೆಯ ಮೇಲೆ ಸಿಟ್ಟಲ್ಲ, ನಾವೂ ದಿನಾ ವಿಭೂತಿ ಹಚ್ಚುವವರೇ. ಓಡುತ್ತಿದ್ದ ಯಂತ್ರಕ್ಕೇ ಹೂವು ಮುಡಿಸಬಹುದಿತ್ತು. ನಾನು ಬರೆದದ್ದನ್ನು ಓದಿಯೂ ಕಿತ್ತೆಸೆದರಲ್ಲ, ಅದಕ್ಕೆ. ಆರಿಸಲು ಹೇಳಿದವರು ನನ್ನ ಗೈಡೇ. ಕಡ್ಲೆಪುರಿಯ ಪೊಟ್ಟಣ ನನ್ನ ಕೈಗಿಟ್ಟು, “ವರ್ಷಕ್ಕೊಂದಿನ ಅದಕ್ಕೂ ರೆಸ್ಟ್ ಬೇಡ್ವೇನಮ್ಮ? ಹಬ್ಬ ಆದ್ಮೇಲೆ ಮತ್ತೆ ಹಾಕ್ಬುಡು,” ಅಂದರು. ಪೂಜೆಗಿಟ್ಟದ್ದನ್ನು ಮುಟ್ಟಬಾರದಂತೆ. ವಿಜಯದಶಮಿ ಕಳೆಯುವವರೆಗೆ ಕೋಣೆಗೆ ಬೀಗ ಬಿತ್ತು. ಅಷ್ಟೂ ದಿನ ಮನೆಯಲ್ಲಿ ಯಾರು ಮಾತಾಡಿಸಿದರೂ ಹರಿಹಾಯುತ್ತಿದ್ದೆ.

ಎರಡನೆಯ ಸಲ ಶುರುಮಾಡಿದ ಲೆಕ್ಕ ಅರ್ಧಕ್ಕೆ ಬಂದಿರಲಿಲ್ಲ, ಹೊಸ ಫೋಟೋ ಹೊರಬಿತ್ತು. ಗ್ರಹ ನಕ್ಷತ್ರದ ಆಚೆ ಬದಿಯಲ್ಲಿ ಕಾಣಿಸಿಕೊಂಡಿತ್ತು. ಹಟ ಹಿಡಿದು ಲೆಕ್ಕವನ್ನು ಕೊನೆಯವರೆಗೂ ಓಡಿಸಿದೆ. ಅದು ತೋರಿಸಿದ್ದು ಅದೇ ಜಾಗವನ್ನು.

ಗೈಡ್‌ಗೆ ಸಂತೋಷವೋ ಸಂತೋಷ. “ಕರೆಕ್ಟಾಗಿ ಕೂತಿದೆ ಕಣಮ್ಮ. ಇನ್ನೇನು ಬೇಕು ನಿಂಗೆ?”

“ಫೋಟೋ ಬರೋಕ್ಮುಂಚೆ ಬೇಕಿತ್ತು ಸರ್.”

ಯಾವಾಗ ಬಂದರೇನು, ಸರಿಯಾಗಿದೆಯಲ್ಲ ಎಂದು ಅವರು ಕ್ಲಾಸಿಗೆ ಹೊರಟರು.

ನನ್ನ ಪ್ರಬಂಧದಲ್ಲಿ ಅದಕ್ಕೆ ಸಿಕ್ಕಿದ್ದು ಒಂದೇ ಸಾಲು: ‘ಈಗಾಗಲೇ ಪ್ರಕಟವಾಗಿರುವ ಸ್ಥಾನದೊಂದಿಗೆ ಹೊಂದುತ್ತದೆ.’ ಅದನ್ನು ಟೈಪ್ ಮಾಡಿದ್ದೂ ಅದೇ ಕಂಪ್ಯೂಟರಿನಲ್ಲಿ. ವಿಭೂತಿ ಇನ್ನೂ ಪೂರ್ತಿ ಹೋಗಿರಲಿಲ್ಲ.